ಇಫ್ ಪರಿವಾರ ಮೀಮಾಂಸೆ

ಇಂಗ್ಲಿಷ್ ಕಲಿಸುವ ಶಾಲಾ ಪುಸ್ತಕಗಳು ಷರತ್ತಿನ ವಾಕ್ಯಗಳಿಗೆ ರೈಲು ಡಬ್ಬಿಗಳಂತೆ ಸೊನ್ನೆ, ಒಂದು, ಎರಡು, ಮೂರು ಎಂದು ನಂಬರು ಹಾಕುತ್ತವೆ. ‘ವಿಲ್’ ಎಲ್ಲಿ ಬರಬೇಕು, ‘ವುಡ್’ ಎಲ್ಲಿ, ‘ಹ್ಯಾಡ್’ ಎಲ್ಲಿ ಎಂದು ಲೆಕ್ಕ ಒಪ್ಪಿಸುವುದರಲ್ಲೇ ಪಾಠ ಮುಗಿದು ಗಂಟೆ ಹೊಡೆಯುತ್ತದೆ. ‘ಇಫ್’ ಎಂಬ ಮದುಮಗನನ್ನು ಇಷ್ಟೊಂದು ತಿರುಗಿಸಿ ಮುರುಗಿಸಿ ನೋಡಿದವರು ಅವನ ಹಿಂದೆ ಬಂದ ದಿಬ್ಬಣದ ಕಡೆ ಮಾತ್ರ ಕಣ್ಣೆತ್ತಿಲ್ಲ. ಎವರ್, ಅಟ್ ಆಲ್, ಪಾಸಿಬ್ಲಿ, ರಿಯಲಿ ಮುಂತಾದ ಕ್ರಿಯಾವಿಶೇಷಣಗಳೇ ಆ ದಿಬ್ಬಣ. ಇವರು ಬರೀ ಊಟಕ್ಕೆ ಬಂದವರಲ್ಲ, ಮದುವೆ ನಡೆಯುತ್ತದೋ ಮುರಿಯುತ್ತದೋ ಎಂದು ತೀರ್ಮಾನಿಸುವವರೇ ಇವರು ಎಂಬುದು ಪ್ರಕೃತ ಪ್ರಬಂಧದ ಪ್ರತಿಜ್ಞೆ. ಸೂತ್ರರೂಪದಲ್ಲಿ ಹೇಳುವುದಾದರೆ: ವಿಶೇಷಣಾಗಮೇ ಕಾರ್ಯಲೋಪಃ. ಇದರ ವೃತ್ತಿಗೆ ಹೊರಗಿನ ಸಾಮಗ್ರಿ ಬೇಕಿಲ್ಲ, ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಕನ್ನಡ ಸಂಧಿಗಳೇ ಸಾಕು. ‘ಇಫ್’ ಶುರುಮಾಡಿದ ಉಪವಾಕ್ಯದೊಳಗೆ ವಿಶೇಷಣವೊಂದು ಹೊಸದಾಗಿ ಬಂದರೆ ಆಗಮ. ಅದು ಬಂದ ಕೂಡಲೇ ಮಾತು ಕೊಟ್ಟ ಕೆಲಸ ಬಿಟ್ಟುಹೋದರೆ ಲೋಪ. ಕೆಲಸ ಇದ್ದ ಜಾಗದಲ್ಲಿ ಆಮೇಲೆ ನೆಪವೊಂದು ಬಂದು ಕೂತರೆ ಆದೇಶ. ಕನ್ನಡದಲ್ಲಿ ಒಂದು ಪದಜೋಡಿಗೆ ಒಂದೇ ಸಂಧಿ. ಇಂಗ್ಲಿಷಿನ ಷರತ್ತಿನಲ್ಲಿ ಒಂದೇ ವಾಕ್ಯಕ್ಕೆ ಮೂರೂ ಆಗುತ್ತವೆ.

ಪ್ರಮಾಣವನ್ನು ಅಲಂಕಾರ ಬಲ್ಲವರಿಂದ ತಂದರೆ ಪ್ರಯೋಜನವಿಲ್ಲ, ದುಡ್ಡು ಬಲ್ಲವರಿಂದ ತರಬೇಕು. 1872ರ ಭಾರತೀಯ ಕರಾರು ಕಾಯಿದೆಯ 31ನೇ ಕಲಮು ಸಂಭಾವ್ಯ ಘಟನೆಯನ್ನು ನೆಚ್ಚಿದ ಕರಾರು ಯಾವುದು ಎಂದು ವಿವರಿಸಿ, ಕೆಳಗೊಂದು ಉದಾಹರಣೆ ಕೊಡುತ್ತದೆ: ಬಿ ಎಂಬವನ ಮನೆ ಸುಟ್ಟುಹೋದರೆ ಎ ಎಂಬವನು ಅವನಿಗೆ 10,000 ರೂಪಾಯಿ ಕೊಡತಕ್ಕದ್ದು. ಇಂಗ್ಲಿಷ್ ಮೂಲದಲ್ಲಿ ‘ಇಫ್’ ಆದಮೇಲೆ ಮನೆ, ಮನೆಯಾದಮೇಲೆ ಬೆಂಕಿ, ಅಷ್ಟೇ. ನಡುವೆ ಒಂದು ಕ್ರಿಯಾವಿಶೇಷಣಕ್ಕೂ ಜಾಗವಿಲ್ಲ. ಅದೇ ಬಿ ಮಹಾಶಯನ ಸುಟ್ಟ ಮನೆಯೆದುರಿಗೆ ಇಂಗ್ಲಿಷ್ ನೆರೆಯವನೊಬ್ಬ ಬಂದು ನಿಂತಿದ್ದಾನೆ ಎಂದುಕೊಳ್ಳಿ. ಅವನು ಟೋಪಿ ತೆಗೆದು ಹೇಳುವುದು ಇಷ್ಟು: ‘ಇಫ್ ದೇರ್ ಈಸ್ ಎನಿಥಿಂಗ್ ಅಟ್ ಆಲ್ ಐ ಕ್ಯಾನ್ ಪಾಸಿಬ್ಲಿ ಡೂ.’ ಇದರಲ್ಲಿ ‘ಅಟ್ ಆಲ್’ ಒಂದು, ‘ಪಾಸಿಬ್ಲಿ’ ಒಂದು, ಒಟ್ಟು ಎರಡು ಆಗಮ. ಲೋಪವಾದದ್ದು ಎಷ್ಟೆಂದು ನೋಡಲು ಹೆಚ್ಚು ಹುಡುಕಬೇಕಿಲ್ಲ: ಪ್ರಧಾನ ವಾಕ್ಯವೇ ಇಲ್ಲ. ಹಾಗಿದ್ದರೆ ಏನು, ಬಕೆಟ್ ತರುತ್ತಾನೋ, ಹಾಸಿಗೆ ಕೊಡುತ್ತಾನೋ ಎಂಬ ಭಾಗ ಬಾಯಿಂದ ಹೊರಬಿದ್ದೇ ಇಲ್ಲ. ವಿಶೇಷಣವಿಲ್ಲದ ಇಫ್ 10,000 ರೂಪಾಯಿ ಎಣಿಸಿ ಕೊಟ್ಟಿತು, ಎರಡು ವಿಶೇಷಣಗಳ ಇಫ್ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡು ಹೋಯಿತು.

ಪರಿವಾರದಲ್ಲಿ ಅತ್ಯಂತ ಅನುಮಾನಾಸ್ಪದ ವ್ಯಕ್ತಿ ‘ಎವರ್’. ಇವನ ಸಹವಾಸ ಎಂಥವರದೆಂದು ವಿಚಾರಿಸಿದರೆ ಸಾಕು, ಗುಣ ತಿಳಿಯುತ್ತದೆ. ಇಂದಿನ ಇಂಗ್ಲಿಷಿನಲ್ಲಿ ‘ಹೀ ಎವರ್ ಕಮ್ಸ್’ ಎಂದು ನೆಟ್ಟಗೆ ಹೇಳುವಂತಿಲ್ಲ. ‘ಡಸ್ ಹೀ ಎವರ್ ಕಮ್’ ಎಂದು ಸಂಶಯಪಡಬಹುದು, ‘ಹೀ ಡಸಂಟ್ ಎವರ್ ಕಮ್’ ಎಂದು ಕೈ ತೊಳೆದುಕೊಳ್ಳಬಹುದು, ‘ಇಫ್ ಹೀ ಎವರ್ ಕಮ್ಸ್’ ಎಂದು ಷರತ್ತು ಹಾಕಬಹುದು. ‘ಇಲ್ಲ’ದ ನೆರಳು ಬಿದ್ದ ಕಡೆಯೇ ಬೆಳೆಯುವ ಇಂಥ ಪದಗಳಿಗೆ ಭಾಷಾವಿಜ್ಞಾನಿಗಳು ನಿಷೇಧಮುಖಿ ಪದಗಳೆಂಬ ಅರ್ಥದ ಹೆಸರೊಂದನ್ನು ಇಟ್ಟು ಸುಮ್ಮನಾಗಿದ್ದಾರೆ. ಅವರು ಧೈರ್ಯ ಮಾಡದ ಮುಂದಿನ ಹೆಜ್ಜೆಯನ್ನು ನಾವು ಇಡಬೇಕಾಗಿದೆ. ‘ಇಫ್ ಯೂ ಆರ್ ಎವರ್ ಇನ್ ಲಂಡನ್’ ಎಂದು ಶುರುವಾಗುವ ಆಹ್ವಾನದಲ್ಲಿ ವಿಳಾಸ ಏಕೆ ಇರುವುದಿಲ್ಲ? ಎವರ್ ಬಂದಾಗಲೇ ‘ಇಲ್ಲ’ ಮನೆಯೊಳಗೆ ಬಂದು ಕೂತಾಗಿದೆ, ಅತಿಥಿಗೆ ಕುರ್ಚಿ ಖಾಲಿ ಇಲ್ಲ. ‘ಸೆಲ್ಡಮ್, ಇಫ್ ಎವರ್’ ಎಂಬ ನುಡಿಗಟ್ಟಿನಲ್ಲಂತೂ ಇವನು ಕರ್ತೃ, ಕ್ರಿಯಾಪದ ಎಲ್ಲವನ್ನೂ ನುಂಗಿ ಇಫ್ ಪಕ್ಕದಲ್ಲಿ ತಾನೊಬ್ಬನೇ ತೇಗುತ್ತಿದ್ದಾನೆ.

ಇಲ್ಲಿ ಗಣಿತಜ್ಞರು ಎದ್ದು ನಿಂತು ಆಕ್ಷೇಪಿಸುವುದು ಖಂಡಿತ. ಅವರ ‘ಇಫ್ ಅಂಡ್ ಓನ್ಲಿ ಇಫ್’ನಲ್ಲಿ ಓನ್ಲಿ ಎಂಬ ವಿಶೇಷಣ ಇದ್ದೂ ಪ್ರಮೇಯಗಳು ಬಂಡೆಯಂತೆ ನಿಂತಿವೆಯಲ್ಲ ಎಂಬುದು ಅವರ ಪೂರ್ವಪಕ್ಷ. ಉತ್ತರವನ್ನು ಅವರ ಪುಸ್ತಕವೇ ಕೊಡುತ್ತದೆ. 1955ರಲ್ಲಿ ಅಚ್ಚಾದ ಜಾನ್ ಕೆಲಿಯ ‘ಜನರಲ್ ಟೊಪಾಲಜಿ’ಯಲ್ಲಿ ಈ ನಾಲ್ಕು ಪದಗಳ ಬದಲು ‘ಇಫ್’ಗೆ ಇನ್ನೊಂದು ಎಫ್ ಅಂಟಿಸಿದ ಪುಟ್ಟ ಪದ ಕಾಣಿಸಿಕೊಂಡಿತು, ಅದನ್ನು ಹುಟ್ಟಿಸಿದ ಶ್ರೇಯಸ್ಸು ಸಾಮಾನ್ಯವಾಗಿ ಪಾಲ್ ಹಾಲ್ಮೋಸ್‌ಗೆ ಸಲ್ಲುತ್ತದೆ. ಅಂದರೆ, ನಿಖರವಾಗಿರಬೇಕೆಂದು ಹಟ ಹಿಡಿದ ಜನ ಮೊದಲು ಮಾಡಿದ ಕೆಲಸ ವಿಶೇಷಣವನ್ನು ಎಫ್ ಅಕ್ಷರದಡಿ ಹೂತುಹಾಕಿದ್ದು. ಅದೂ ಸಾಲದಿದ್ದರೆ ಓನ್ಲಿಯ ನಡತೆಯನ್ನೇ ನೋಡಿ. ‘ಓನ್ಲಿ ಇಫ್’ ಎಂದು ಇಫ್‌ಗೆ ಮುಂಚೆ, ಅದರ ಹೊರಗೆ ನಿಂತಾಗ ಅವನು ಕಟ್ಟುನಿಟ್ಟಿನ ಕಾವಲುಗಾರ. ವಾಕ್ಯದ ಮೊದಲಿಗೆ ಬಂದನೆಂದರೆ ಮುಂದಿನ ಪ್ರಧಾನ ವಾಕ್ಯದಲ್ಲಿ ಕರ್ತೃವೂ ಸಹಾಯಕ ಕ್ರಿಯಾಪದವೂ ಗಡಬಡಿಸಿ ಎದ್ದು ಜಾಗ ಅದಲುಬದಲು ಮಾಡಿಕೊಳ್ಳುತ್ತವೆ: ‘ಓನ್ಲಿ ಇಫ್ ಇಟ್ ರೇನ್ಸ್ ವಿಲ್ ಐ ಸ್ಟೇ.’ ಅದೇ ಓನ್ಲಿ ಒಂದು ಹೆಜ್ಜೆ ಒಳಗಿಟ್ಟು ‘ಇಫ್ ಓನ್ಲಿ’ ಆದನೋ, ಕಾವಲು ಹೋಗಿ ಕಣ್ಣೀರು ಬಂತು. ‘ಇಫ್ ಓನ್ಲಿ ಇಟ್ ವುಡ್ ರೇನ್’ ಎಂದವನು ಪ್ರಧಾನ ವಾಕ್ಯವನ್ನು ಹೇಳುವ ಗೋಜಿಗೇ ಹೋಗದೆ ಕಿಟಕಿಯಾಚೆ ನೋಡುತ್ತಾನೆ. ನಮ್ಮ ಸೂತ್ರ ಖಂಡಿಸುವುದು ಇಫ್ ದಾಟಿ ಉಪವಾಕ್ಯದೊಳಗೆ ನುಗ್ಗಿದವರನ್ನೇ ಹೊರತು ಬಾಗಿಲಲ್ಲಿ ನಿಂತವರನ್ನಲ್ಲ. ‘ಈವನ್ ಇಫ್’ಗೂ ಇದೇ ವಿನಾಯಿತಿ. ‘ಇಫ್ ಅಂಡ್ ವೆನ್’ ಎಂಬ ಜೋಡಿಯ ಬಗ್ಗೆ ಫೌಲರ್ 1926ರಷ್ಟು ಹಿಂದೆಯೇ ತನ್ನ ಪದಪ್ರಯೋಗ ಕೋಶದಲ್ಲಿ ಸಾಕಷ್ಟು ಗದರಿದ್ದಾನೆ, ಸತ್ತ ಹಾವನ್ನು ಮತ್ತೆ ಹೊಡೆಯುವುದು ಬೇಡ.

ಕನ್ನಡಿಗರ ಪಾಲಿನ ಅಪರಾಧವನ್ನೂ ಮುಚ್ಚಿಡಬಾರದು. ನಮ್ಮವರ ಇಂಗ್ಲಿಷಿನಲ್ಲಿ ‘ಇಫ್ ಸಪೋಸ್’, ‘ಇಫ್ ಅಟ್ ಆಲ್’ ಎಂಬ ಎರಡು ಪ್ರಯೋಗಗಳು ಸೊಗಸಾಗಿ ಬೇರೂರಿವೆ. ಇವು ಬೆಂಗಳೂರಿನ ಅಜ್ಞಾನ ಎಂದು ಮೂಗು ಮುರಿಯುವವರಿಗೆ ವ್ಯಾಕರಣ ಗೊತ್ತಿಲ್ಲ. ಕನ್ನಡದಲ್ಲಿ ಷರತ್ತು ಇರುವುದು ಕ್ರಿಯಾಪದದ ಬಾಲದಲ್ಲಿ. ‘ನಾಳೆ ಬೆಳಗ್ಗೆ ಮಾವನವರು ಮೈಸೂರಿನಿಂದ’ ಎನ್ನುವ ತನಕ ಕೇಳುಗನಿಗೆ ಅವರು ಬಂದರೋ, ಬರುತ್ತಾರೋ, ಬಂದರೆ ಎಂಬ ಊಹೆಯೋ ತಿಳಿಯದು. ಕೊನೆಯ ‘ರೆ’ ಬಂದ ಮೇಲೆಯೇ ಉಸಿರು. ಅದಕ್ಕೇ ‘ಒಂದು ವೇಳೆ’ ಎಂಬ ಅವ್ಯಯವನ್ನು ವಾಕ್ಯದ ಹೆಬ್ಬಾಗಿಲಲ್ಲಿ ಕೂರಿಸಿ ಮುನ್ಸೂಚನೆ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಇಫ್ ತಾನೇ ಮುಂದೆ ಬರುವುದರಿಂದ ಆ ಮುನ್ಸೂಚನೆ ಬೇಕಿಲ್ಲ. ಆದರೂ ‘ಒಂದು ವೇಳೆ’ಯನ್ನು ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಾಗದೆ ಸಪೋಸ್ ಎಂಬ ವೇಷ ಹಾಕಿಸಿ ಜೊತೆಗೆ ಕರೆದೊಯ್ದಿದ್ದೇವೆ. ಅದು ಹುಟ್ಟಿನಿಂದ ಕ್ರಿಯಾಪದವಾದರೂ ಇಲ್ಲಿ ಮಾಡುತ್ತಿರುವುದು ಕ್ರಿಯಾವಿಶೇಷಣದ ಚಾಕರಿ. ಆದ್ದರಿಂದ ‘ಇಫ್ ಸಪೋಸ್ ಐ ಕಮ್’ ಎನ್ನುವ ಕನ್ನಡಿಗ ನಿಜಕ್ಕೂ ಬಂದೇಬಿಡುವ ಅಪಾಯವಿದೆ. ಇದನ್ನು ಸೂತ್ರಕ್ಕೆ ಅಪವಾದವೆಂದು ಭಾವಿಸಿ ಎರಡು ಲೋಟ ಹೆಚ್ಚಿಗೆ ಕಾಫಿ ಇಟ್ಟಿರುವುದು ಒಳ್ಳೆಯದು.

ಹಾಗೆಂದು ಕನ್ನಡ ಪೂರ್ತಿ ಸಜ್ಜನವೇನಲ್ಲ. ಈವನ್ ಎಂಬ ಆಳನ್ನಿಟ್ಟು ಇಂಗ್ಲಿಷ್ ಮಾಡಿಸುವ ಕೆಲಸವನ್ನು ನಾವು ಒಂದೇ ಸ್ವರದಲ್ಲಿ ಮಾಡುತ್ತೇವೆ, ‘ಬಂದರೆ’ ಹೋಗಿ ‘ಬಂದರೂ’ ಆಗುತ್ತದೆ. 1604ರಲ್ಲಿ ಕನ್ನಡಕ್ಕೆ ಸಂಸ್ಕೃತದಲ್ಲಿ 592 ಸೂತ್ರಗಳನ್ನು ಬರೆದ ಭಟ್ಟಾಕಳಂಕನಂಥವರ ಕೈಯಲ್ಲಿ ಪಳಗಿದ ಭಾಷೆಗೆ ಈ ಮಿತವ್ಯಯ ಸಹಜ. ಆದರೆ ‘ರೆ’ ಪ್ರತ್ಯಯದ ಅರ್ಥಕ್ಕೆ ವೈಯಾಕರಣರು ಪಕ್ಷಾರ್ಥವೆಂದು ಹೆಸರಿಟ್ಟಾಗ ಪಕ್ಷಗಳು ಅದನ್ನು ಹೇಗೆ ಬಳಸಿಯಾವು ಎಂದು ಯೋಚಿಸಿರಲಿಕ್ಕಿಲ್ಲ. ‘ನನ್ನ ಮಾತಿನಿಂದ ಯಾರಿಗಾದರೂ ಎಲ್ಲಾದರೂ ಸ್ವಲ್ಪವಾದರೂ ನೋವಾಗಿದ್ದರೆ’ ಎಂಬ ಕ್ಷಮಾಪಣೆಯಲ್ಲಿ ‘ಆದರೂ’ ಮೂರು ಸಲ ಬಂದಿದೆ, ಕ್ಷಮೆ ಒಂದು ಸಲವೂ ಬಂದಿಲ್ಲ.

ಉಳಿದದ್ದು ಒಂದು ಗಂಭೀರ ಆಕ್ಷೇಪ. ಅದೇ ಕರಾರು ಕಾಯಿದೆಯ 36ನೇ ಕಲಮಿನಲ್ಲಿ ಎ ಎಂಬವನು ಎರಡು ಸರಳರೇಖೆಗಳು ಸೇರಿ ಒಂದು ಜಾಗವನ್ನು ಸುತ್ತುವರಿದರೆ ಬಿಗೆ 1,000 ರೂಪಾಯಿ ಕೊಡುವುದಾಗಿ ಒಪ್ಪುತ್ತಾನೆ. ಯೂಕ್ಲಿಡ್ ಇರುವವರೆಗೆ ಆ ಹಣ ಬಿಯ ಕೈ ಸೇರುವುದಿಲ್ಲ. ಆಗಮವಿಲ್ಲ, ಲೋಪ ಮಾತ್ರ ಇದೆ, ಸೂತ್ರ ಮುರಿಯಿತಲ್ಲ? ಮುರಿಯಲಿಲ್ಲ. ಆ ಒಪ್ಪಂದ ಅನೂರ್ಜಿತ ಎಂದು ಕಾಯಿದೆ ಅದೇ ಉಸಿರಿನಲ್ಲಿ ಬಾಯಿಬಿಟ್ಟು ಹೇಳಿದೆ, ಬಿ ಮನೆಗೆ ಹೋಗಬಹುದು. ಎ ಸ್ವಲ್ಪ ಶಿಷ್ಟಾಚಾರದವನಾಗಿ ‘ರೇಖೆಗಳು ಎಂದಾದರೂ ನಿಜವಾಗಿ ಸುತ್ತುವರಿದರೆ’ ಎಂದಿದ್ದಿದ್ದರೆ ಬಿ ಇವತ್ತಿಗೂ ಸ್ಕೇಲು ಪೆನ್ಸಿಲು ಹಿಡಿದು ಕೂತಿರುತ್ತಿದ್ದ. ಲೋಪ ಎಲ್ಲಿಯೂ ಆಗಬಹುದು, ವಿಶೇಷಣ ಇದ್ದಲ್ಲಿ ಅದು ಹೇಳದೆ ಆಗುತ್ತದೆ ಎಂದು ಸೂತ್ರಕ್ಕೆ ಒಂದು ವಾರ್ತಿಕವನ್ನು ಸೇರಿಸಿಕೊಂಡರೆ ತೀರಿತು.

ಸಿದ್ಧಾಂತವನ್ನು ಪರೀಕ್ಷಿಸಬಯಸುವ ಓದುಗರು ಮನೆಯ ಮುಂದಿನ ಮದುವೆಗೆ ಕಳಿಸಿದ ಕರೆಯೋಲೆಗಳಿಗೆ ಮೊಬೈಲಿನಲ್ಲಿ ಬಂದ ಇಂಗ್ಲಿಷ್ ಉತ್ತರಗಳನ್ನು ಒಟ್ಟುಮಾಡಿ, ಪ್ರತಿ ಇಫ್‌ನ ಮುಂದೆ ಎಷ್ಟು ವಿಶೇಷಣಗಳಿವೆ ಎಂದು ಎಣಿಸಲಿ. ಸೊನ್ನೆ ಇದ್ದರೆ ಒಂದು ಎಲೆ, ಒಂದಿದ್ದರೆ ಅರ್ಧ. ‘ಇಫ್ ಅಟ್ ಆಲ್ ಪಾಸಿಬಲ್’ ಎಂದವರ ಹೆಸರನ್ನು ಅಡುಗೆಯವರಿಗೆ ಹೇಳಲೇಬೇಡಿ.