ನಾಯಕತ್ವ ಮೀಮಾಂಸೆ: ರಾಮದುರ್ಗ ಶಾಖೆ

ಹಿರಿಯ ಕ್ರಿಕೆಟ್ ನಾಯಕನ ಲಕ್ಷಣಗಳ ಬಗ್ಗೆ ಶಾಸ್ತ್ರದಲ್ಲಿ ಎರಡು ಶಾಖೆಗಳಿವೆ. ಒಂದು ಬೆಂಗಳೂರು ಶಾಖೆ, ಹುಲ್ಲಿನ ಮೇಲೆ ಬೆಳೆದದ್ದು. ಇನ್ನೊಂದು ವಿದ್ವಾಂಸರ ಕಣ್ಣಿಗೆ ಈವರೆಗೆ ಬೀಳದ ರಾಮದುರ್ಗ ಶಾಖೆ. ಇದು ಮಲಪ್ರಭೆಯ ದಂಡೆಯ ಎರಿ ಹೊಲದಲ್ಲಿ, ಕಡಲೆ ಕಿತ್ತ ಮೇಲೆ ಬೆಳೆಯುತ್ತದೆ.

ಈ ಶಾಖೆಯ ಮೂಲಪುರುಷರು ಪವರ್‌ಲೂಮ್ ನೇಕಾರರು. ನಾವು ಕಾಕಾ ಅನ್ನುತ್ತೇವೆ. ವಯಸ್ಸು ನಲವತ್ತೆರಡು, ನಾನು ಹೈಸ್ಕೂಲಿನಲ್ಲಿದ್ದಾಗಲೂ ಅಷ್ಟೇ ಇತ್ತು. ಅನಿಲ್ ಕುಂಬ್ಳೆ 2007ರಲ್ಲಿ ತಮ್ಮ 37ನೇ ವಯಸ್ಸಿಗೆ ಟೆಸ್ಟ್ ನಾಯಕರಾಗಿ, 14 ಪಂದ್ಯ ನಡೆಸಿ, ಮರುವರ್ಷವೇ ನಿವೃತ್ತರಾದರು. ಇದಕ್ಕೆ ಕಾಕಾ ಬರೆದ ಭಾಷ್ಯ ಒಂದೇ ಸಾಲಿನದು: "ಭಾಳ ಗಡಿಬಿಡಿ ಮಾಡಿದ್ರು."

ಬ್ಯಾಟು ಯಾರದೋ ಅವನೇ ಕ್ಯಾಪ್ಟನ್ ಎಂಬುದು ಪೂರ್ವಪಕ್ಷ. ಇದು ನಿಲ್ಲುವುದಿಲ್ಲ. ಬ್ಯಾಟು ತಂದ ಹುಡುಗ ಮೂರನೇ ವಾರಕ್ಕೇ ಬೌಂಡರಿಯಾಚೆ ಜಾಲಿಕಂಟಿಯ ಪಕ್ಕ ಫೀಲ್ಡಿಂಗಿಗೆ ಹೋದ. ಚೆಂಡಿನ ಪಟ್ಟಿ ರೊಕ್ಕ ಯಾರ ಕಿಸೆಯಲ್ಲಿದೆಯೋ ಅವನೇ ಕ್ಯಾಪ್ಟನ್ ಎಂಬುದು ಸಿದ್ಧಾಂತ. ಟಾಸು ಹಸಿ-ಒಣದ್ದು: ಹಂಚಿನ ಚೂರಿನ ಒಂದು ಮಗ್ಗುಲಿಗೆ ಉಗುಳುವವರು ಕಾಕಾ, ತೂರುವವರು ಕಾಕಾ, ಬಿದ್ದ ಮೇಲೆ ಬಗ್ಗಿ ನೋಡುವವರೂ ಕಾಕಾ. ಮೂರಕ್ಕೂ ಬೇರೆ ಬೇರೆ ಮನುಷ್ಯರು ಬೇಕೆಂದು ಶಾಸ್ತ್ರ ಎಲ್ಲಿಯೂ ಹೇಳಿಲ್ಲ.

ಬೌಲಿಂಗ್ ಹಂಚಿಕೆಗೆ ಆಧಾರ ಗದಗಿನ ಸುನಿಲ್ ಜೋಶಿ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಅವರದು 10 ಓವರ್, 6 ಮೇಡನ್, 6 ರನ್, 5 ವಿಕೆಟ್. "ಹತ್ತ್ ಓವರ್ ಕೊಟ್ಟಿದ್ದಕ್ಕಲ್ಲೇನ್ ಐದ್ ವಿಕೆಟ್ ಬಿದ್ದಿದ್ದು?" ಎಂದು ಕೇಳಿ ಕಾಕಾ ಆರು ಓವರಿನ ಪಂದ್ಯದಲ್ಲಿ ನಾಲ್ಕನ್ನು ತಾವೇ ಇಟ್ಟುಕೊಳ್ಳುತ್ತಾರೆ. ವಿಕೆಟ್ ವಿಷಯ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಕ್ರೀಡಾಧರ್ಮದ ಪ್ರಶ್ನೆ ಮಾತ್ರ ಜಟಿಲ. 1980ರ ಫೆಬ್ರವರಿ, ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್. ಇಂಗ್ಲೆಂಡಿನ ಬಾಬ್ ಟೇಲರ್‌ಗೆ ಅಂಪೈರ್ ಕ್ಯಾಚ್ ಔಟ್ ಕೊಟ್ಟಾಗಿತ್ತು. ನಾಯಕ ನಮ್ಮ ಜಿ. ಆರ್. ವಿಶ್ವನಾಥ್, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಅವರನ್ನು ವಾಪಸ್ ಕರೆದರು. ಟೇಲರ್ ಬೋಥಮ್ ಜೊತೆ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ನಿಂದ ಸೋತಿತು. ಕಾಕಾ ಈ ಪ್ರಕರಣವನ್ನು ಆಳವಾಗಿ ಮಥಿಸಿದ್ದಾರೆ. ವಿಶ್ವನಾಥ್ ವಾಪಸ್ ಕರೆದದ್ದು ಸರಿ, ಕರೆದದ್ದು ತಪ್ಪು ಮನುಷ್ಯನನ್ನು ಎಂಬುದು ಅವರ ನಿರ್ಣಯ. ಹೋದ ವಾರ ಬೋಲ್ಡ್ ಆದಾಗ ನಾಲ್ಕು ಹೆಜ್ಜೆ ನಡೆದು, ನಿಂತು, ತಮ್ಮನ್ನು ತಾವೇ ವಾಪಸ್ ಕರೆದುಕೊಂಡರು.

"ತಮ್ಮಾ, ಚೆಂಡು ಎರಿ ಬಿರುಕಿಗೆ ಬಡದು ತಿರುಗೇತಿ. ಹೊಲದ ತಪ್ಪಿಗೆ ನಾ ಯಾಕ ಹೋಗ್ಲಿ?"

ಅಂಪೈರಿಂಗ್ ನನ್ನದೇ. ಪಟ್ಟಿ ಬಾಕಿ ಇದ್ದವ ನಾನು, ನಾಟೌಟ್ ಕೊಟ್ಟೆ.

ಡಿಕ್ಲೇರ್ ಮಾಡುವ ಧೈರ್ಯ ನಾಯಕನ ಪರಮ ಲಕ್ಷಣ. 2004ರಲ್ಲಿ ಮುಲ್ತಾನಿನಲ್ಲಿ ಸಚಿನ್ 194ರಲ್ಲಿದ್ದಾಗಲೇ ರಾಹುಲ್ ದ್ರಾವಿಡ್ ಡಿಕ್ಲೇರ್ ಮಾಡಿದ್ದು ಇಂದಿಗೂ ಚಹಾದಂಗಡಿಯ ವಾದ. ನಮ್ಮಲ್ಲಿ ಆ ವಾದವಿಲ್ಲ. ಮಗ್ಗ ನಿಂತಾಗಲೇ, ಅಂದರೆ ಕರೆಂಟ್ ಹೋದಾಗಲೇ, ಪಂದ್ಯ ಶುರು. ಮೊನ್ನೆ ಎದುರಾಳಿಗೆ ಎರಡು ಎಸೆತದಲ್ಲಿ ಮೂರು ರನ್ ಬೇಕಿತ್ತು, ಕಾಕಾ ಬೌಲಿಂಗ್‌ಗೆ ಓಡಿ ಬರುತ್ತಿದ್ದರು. ಅಷ್ಟರಲ್ಲಿ ಓಣಿಯಿಂದ ಮೊದಲ ಮಗ್ಗದ ಸದ್ದು ಕೇಳಿತು. ಓಡಿ ಬಂದ ವೇಗದಲ್ಲೇ ಅವರು ಸ್ಟಂಪು ದಾಟಿ, ಅಂಪೈರನನ್ನು ದಾಟಿ, ಚೆಂಡು ಕಿಸೆಯಲ್ಲಿಟ್ಟುಕೊಂಡು ಮನೆ ಕಡೆ ಹೋದರು.

ಎರಡು ಎಸೆತ ಇನ್ನೂ ಬಾಕಿ ಇವೆ. ಮತ್ತೆ ಕರೆಂಟ್ ಹೋದಾಗ ಆಸಕ್ತ ಸಂಶೋಧಕರು ಬರಬಹುದು. ಪಟ್ಟಿ ಹತ್ತು ರೂಪಾಯಿ, ಕಾಕಾನ ಕೈಯಲ್ಲೇ ಕೊಡಬೇಕು.