ತೆಂಗಿನ ಸಾಲಿನಲ್ಲಿ ತಗಡಿನ ವಿಮಾನ: ಕಟ್ಟುವವರಿಗೆ ಕೈಪಿಡಿ

ಈ ಕೈಪಿಡಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದವರಿಗಾಗಿ. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಮಾಡಿದೆ. 2023ರ ಫೆಬ್ರವರಿ 6ರಂದು ಉದ್ಘಾಟನೆಯೂ ಆಯಿತು. ‘ನಮ್ ಕಡೆ ಇದೆಲ್ಲ ಆಗೋದಲ್ಲ ಹೋಗೋದಲ್ಲ’ ಎನ್ನುವ ಮಾತು ಇನ್ನು ನಡೆಯದು. ನಿಮಗೆ 615 ಎಕರೆ ಬೇಡ, ಕೊಬ್ಬರಿ ಅಟ್ಟದ ಕೆಳಗಿನ ಜಾಗ ಸಾಕು. ದನದ ಕೊಟ್ಟಿಗೆಯಲ್ಲಿ ಮಾತ್ರ ಬೇಡ. ಗಂಜಲ ತಾಗಿದ ಅಲ್ಯೂಮಿನಿಯಂ ಚುಕ್ಕೆಚುಕ್ಕೆಯಾಗಿ ಕೊರೆದುಹೋಗುತ್ತದೆ.

ಮೊದಲು ಅಳತೆ. 1951ರಲ್ಲಿ ಬೆಂಗಳೂರಿನಲ್ಲಿ ಹಾರಿದ ಎಚ್‌ಟಿ-2, ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ಎಚ್‌ಎಎಲ್ ಮಾಡಿದ ಪೂರ್ತಿ ಲೋಹದ ತರಬೇತಿ ವಿಮಾನ. ಅದನ್ನೇ ನಕಲು ಮಾಡೋಣ ಎನ್ನುವ ಆಸೆ ಬಿಡಿ. ಅದರ ರೆಕ್ಕೆ 35 ಅಡಿ, ನಿಮ್ಮ ಮರಗಳ ನಡುವೆ ಇರುವುದು 30. ಕ್ರಿಸ್ ಹೈಂಟ್ಸ್ ರೂಪಿಸಿದ ಸಿಎಚ್ 701 ಎಂಬ ಪುಟ್ಟ ವಿಮಾನದ ರೆಕ್ಕೆ 27 ಅಡಿ. ಕಾಂಡದ ದಪ್ಪ ಕಳೆದರೂ ಎರಡೂ ತುದಿಗೆ ಒಂದೊಂದು ಅಡಿ ಉಳಿಯುತ್ತದೆ. ಕಾಯಿ ಬೀಳುವ ಹೊತ್ತಿನಲ್ಲಿ ಸಾಲಿನೊಳಗೆ ನಿಲ್ಲಿಸಬೇಡಿ.

ತಗಡು. ಪೇಟೆಯಲ್ಲಿ ಪಾತ್ರೆಗೆಂದು ಸಿಗುವ ಅಲ್ಯೂಮಿನಿಯಂ ಮೆದು, ಅದು ಬೇಡ. 6061-ಟಿ6 ಅಥವಾ 2024-ಟಿ3 ಎಂದು ಹಾಳೆಯ ಮೇಲೆಯೇ ಅಚ್ಚಾಗಿರಬೇಕು. ಹೊದಿಕೆಗೆ ಅರ್ಧ ಮಿಲಿಮೀಟರ್ ಆಸುಪಾಸಿನದು. ಕೊಬ್ಬರಿಗೆ ರೇಟು ಬಂದ ವಾರ ಕೊಳ್ಳಿ, ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಇನ್ನು ಮಡಿಕೆ. ಇದನ್ನು ನಿಧಾನವಾಗಿ ಓದಿ. ತಗಡಿನ ಪಟ್ಟಿಯೊಂದನ್ನು ಒಂದು ತುದಿಯಲ್ಲಿ ಹಿಡಿದೆತ್ತಿದರೆ ಜೋತುಬೀಳುತ್ತದೆ. ಅಂಚು ಮಡಚಿ ಎತ್ತಿ, ನೆಟ್ಟಗಿರುತ್ತದೆ. ತಲೆ ಮೇಲೆ ನೋಡಿ: ತೆಂಗಿನ ಗರಿಯ ಒಂದೊಂದು ಎಲೆಯೂ ನಡುವೆ ಮಡಿಕೆ ಬಿದ್ದಿರುವುದಕ್ಕೇ ಅಷ್ಟುದ್ದ ಚಾಚಿಕೊಂಡಿದೆ. ದಪ್ಪ ತಗಡು ಹಾಕಿ ಬಲ ತರುವವನು ಟ್ರಾಕ್ಟರ್ ಟ್ರೈಲರ್ ಮಾಡಲಿ. ವಿಮಾನಕ್ಕೆ ಬಲ ಬರುವುದು ಮಡಿಕೆಯಿಂದ.

ಎರಡೂ ಬದಿ 20 ಮಿಮೀ ಇರುವ ಕೋನಪಟ್ಟಿ ಬೇಕು. 40 ಮಿಮೀ ಕತ್ತರಿಸಿದಿರೋ, ತಗಡು ಹಾಳು. ದಪ್ಪ 0.8, ಬಾಗಿನ ಒಳ ತ್ರಿಜ್ಯ 3 ಮಿಮೀ ಇದ್ದರೆ ನೇರ ಭಾಗ ಎರಡೂ ಕಡೆ 16.2, ಬಾಗು ನುಂಗುವುದು 5.27. ಕೂಡಿದರೆ 37.7 ಮಿಮೀ, ಅಷ್ಟೇ ಕತ್ತರಿಸಿ. ಟ್ರಂಕ್ ಮಾಡುವವರ ಹತ್ತಿರ ಹೋದರೆ, “ಚೂಪಾಗಿ ಮಡಚಿಕೊಡ್ತೀನಿ ಸ್ವಾಮಿ, ಕಾಸೇನೂ ಜಾಸ್ತಿ ಬೇಡ” ಎಂದಾರು. ಕೈಮುಗಿದು ಬನ್ನಿ. 2024-ಟಿ3ಗೆ ಬಾಗಿನ ತ್ರಿಜ್ಯ ದಪ್ಪದ ಮೂರು ಪಟ್ಟಾದರೂ ಬೇಕು, ಇಲ್ಲದಿದ್ದರೆ ಹೊರಮೈ ಬಿರಿಯುತ್ತದೆ. ಬಿರುಕು ಅಂದು ಕಾಣದೆ ಆಮೇಲೆ ಆಕಾಶದಲ್ಲಿ ಕಂಡೀತು. ಬಾಗಿನ ಗೆರೆ ತಗಡು ಉರುಳೆಯಲ್ಲಿ ಸಾಗಿದ ದಿಕ್ಕಿಗೆ ಅಡ್ಡವಾಗಿರಲಿ. ಗೆರೆಯನ್ನು ಮೊಳೆಯಿಂದ ಗೀರಬೇಡಿ, ಸೀಸದ ಕಡ್ಡಿಯೂ ಬೇಡ, ಅದರ ಗ್ರಾಫೈಟ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಸಣ್ಣ ಮೊನೆಯ ಮಾರ್ಕರ್ ಸಾಕು.

ರೆಕ್ಕೆಯ ಪಕ್ಕೆಲುಬಿಗೆ ಮರದ ಅಚ್ಚು ಬೇಕು. ತೆಂಗಿನ ಕಾಂಡ ಮನೆಯಲ್ಲೇ ಬಿದ್ದಿದೆ ಎಂದು ಅದನ್ನು ಕೊಯ್ಯಬೇಡಿ, ಹೊರಗೆ ಗಟ್ಟಿಯಾದರೂ ಒಳಗೆ ಮೆದು, ಅಂಚು ನಾರುನಾರಾಗಿ ಕೀಳುತ್ತದೆ. ಎಂಡಿಎಫ್ ಒಳ್ಳೆಯದು. ಎರಡು ಅಚ್ಚಿನ ನಡುವೆ ತಗಡು ಬಿಗಿದು, ಹೊರಚಾಚಿದ ಅಂಚನ್ನು ಕೊಡತಿಯಿಂದ ಮೆಲ್ಲಗೆ, ಸುತ್ತುಹಾಕುತ್ತ ಬಗ್ಗಿಸಿ. ಬಿಟ್ಟ ಕೂಡಲೇ ತಗಡು ಮೂರ್ನಾಲ್ಕು ಡಿಗ್ರಿ ಹಿಂದಕ್ಕೆ ಚಿಮ್ಮುತ್ತದೆ, ಆದ್ದರಿಂದ ಅಚ್ಚಿನ ಅಂಚನ್ನು ಅಷ್ಟೇ ಒಳಸರಿಸಿ ಸವರಿರಬೇಕು. ಉಬ್ಬಿದ ಅಂಚಿನಲ್ಲಿ ತಗಡು ಹೆಚ್ಚಾಗಿ, ಪಕ್ಕೆಲುಬೇ ಬಾಳೆಕಾಯಿಯ ಹಾಗೆ ಬಾಗುತ್ತದೆ. ರಿವೆಟ್ ಬರುವ ಜಾಗ ಬಿಟ್ಟು ನಡುನಡುವೆ ಇಕ್ಕಳದಿಂದ ಸಣ್ಣ ನೆರಿಗೆ ಹಿಡಿದರೆ ನೆಟ್ಟಗಾಗುತ್ತದೆ. ಈ ಹಂತದಲ್ಲಿ ನೆಂಟರು ಬಂದು “ಏನಣ್ಣ, ಹಾಲಿನ ಕ್ಯಾನಾ?” ಎಂದು ಕೇಳುತ್ತಾರೆ. ಹೌದೆನ್ನಿ.

ರಿವೆಟ್ ವಿಷಯ ಬೇಗ ಮುಗಿಸೋಣ. 3.2 ಮಿಮೀ ರಿವೆಟ್‌ನ ನಡುವಿಂದ ತಗಡಿನ ಅಂಚಿಗೆ 6.4 ಮಿಮೀ ಬಿಡಿ. ತೂತಿನ ಮುಳ್ಳಂಚು ತೆಗೆಯಿರಿ. ಬಡಿದ ತಲೆ 4.8 ಅಗಲ, 1.6 ಎತ್ತರ ಇದ್ದರೆ ಸರಿ.

ಕಾಗದಪತ್ರ ತಗಡಿಗಿಂತ ನಿಧಾನ. ಮುಂಬೈಯ ಕಟ್ಟಡವೊಂದರ ತಾರಸಿಯಲ್ಲಿ ವಿಮಾನ ಕಟ್ಟಿದ ಕ್ಯಾಪ್ಟನ್ ಅಮೋಲ್ ಯಾದವ್ ಅದನ್ನು 2016ರ ಮೇಕ್ ಇನ್ ಇಂಡಿಯಾ ಮೇಳದಲ್ಲಿ ತೋರಿಸಿದರು, ಹಾರಿಸಲು ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ಆ ನಡುವೆ ಅಟ್ಟಕ್ಕೆ ಹಾಕಿದ ಕಾಯಿ ಎಷ್ಟೋ ಬಾರಿ ಉಂಡೆ ಕೊಬ್ಬರಿಯಾಗಿ ಮಂಡಿ ಸೇರಿರುತ್ತದೆ.

ಕೊನೆಗೆ ಭಾರದ ಪರೀಕ್ಷೆ. ರೆಕ್ಕೆಗಳನ್ನು ಮಗುಚಿ ಬಿಗಿದು, ಗಾಳಿ ಎತ್ತುವ ಬಲದ ಬದಲಿಗೆ ಮೂಟೆ ಹೇರಬೇಕು. ಬೇರೆಡೆ ಮರಳು ಹೇರುತ್ತಾರೆ, ನಮ್ಮಲ್ಲಿ ಕೊಬ್ಬರಿ ಇದೆ. 500 ಕೆಜಿ ವಿಮಾನಕ್ಕೆ 3.8 ಪಟ್ಟು ಎಂದರೆ 19 ಕ್ವಿಂಟಾಲ್. ಇಳಿಸಿದ ಮೇಲೆ ರೆಕ್ಕೆ ಮೊದಲಿನಂತಾಗಬೇಕು. ಆಮೇಲೆ ಅದರ ಒಂದೂವರೆ ಪಟ್ಟು, 28.5 ಕ್ವಿಂಟಾಲ್, ಮೂರು ಸೆಕೆಂಡ್ ಮುರಿಯದೆ ತಡೆಯಬೇಕು. ಅಷ್ಟರಲ್ಲಿ ರೇಟು ಏರಿತೆಂದು ಮಂಡಿಯಿಂದ ಫೋನ್ ಬಂದು, ಮನೆಯವರೆಲ್ಲ ಮೂಟೆ ಇಳಿಸಲು ಓಡಿಬಂದರೆ ತಡೆಯಬೇಡಿ. ರೆಕ್ಕೆಯ ತುದಿಯಿಂದ ಶುರುಮಾಡಿ ಎಂದಷ್ಟೇ ಹೇಳಿ.