ಚಕ್ರಗರ್ಭಜಲಮೀಮಾಂಸೆ, ಅಥವಾ ಟ್ರ್ಯಾಕ್ಟರಿನ ಟೈರಿಗೆ ನೀರು ತುಂಬುವ ವಿಚಾರ

ಭಾರವೇ ಸಕಲ ದುಃಖಗಳಿಗೂ ಮೂಲವೆಂದೂ ಅದನ್ನು ಇಳಿಸಿಕೊಂಡವನೇ ಮುಕ್ತನೆಂದೂ ತಲೆಮಾರುಗಳಿಂದ ಬೋಧೆ ಕೇಳುತ್ತ ಬಂದಿರುವ ಈ ನಾಡಿನಲ್ಲಿ, ಹೊಲದ ನಡುವೆ ಕಾಲೂರಲಾರದೆ ಜಾರುತ್ತಿರುವ ಯಂತ್ರವೊಂದರ ಚಕ್ರಗಳ ಉದರಕ್ಕೆ ಕೊಳವೆಯಿಂದ ನೀರು ಹರಿಸಿ, ಅದನ್ನು ಮತ್ತಷ್ಟು ಭಾರಗೊಳಿಸಿ, ‘ಇನ್ನು ಎಳೆ ನೋಡೋಣ’ ಎಂದು ಆಜ್ಞಾಪಿಸುವ ರೈತನು ಎಂತಹ ದಾರ್ಶನಿಕ ಸಾಹಸವನ್ನು ನಡೆಸುತ್ತಿರುವನೆಂಬುದನ್ನು ನಮ್ಮ ಪಂಡಿತವರ್ಗವು ಗಮನಿಸದೆ ಇರುವುದು ವಿಷಾದದ ಸಂಗತಿ. ಆ ಕೊರತೆಯನ್ನು ತುಂಬುವುದೇ ಪ್ರಕೃತ ಪ್ರಬಂಧದ ಉದ್ದೇಶ. ಆದರೆ ಮುಕ್ಕಾಲು ಪಾಲು ಮಾತ್ರವೇ ತುಂಬಲಾಗುವುದು. ಅದರ ಕಾರಣವನ್ನು ಯಥಾವಕಾಶ ನಿರೂಪಿಸುವೆವು.

ಯಾವ ವಿಷಯವನ್ನೆತ್ತಿಕೊಂಡರೂ ಮೊದಲು ಅದು ನಮ್ಮ ಪೂರ್ವಿಕರಿಗೆ ತಿಳಿದಿದ್ದಿತೆಂದು ಸ್ಥಾಪಿಸುವುದು ಶಿಷ್ಟಾಚಾರವಾದುದರಿಂದ ನಾವೂ ಅದಕ್ಕೆ ಪ್ರಯತ್ನಿಸಿದೆವು. ಕುಂಟೆ ಹೊಡೆಯುವಾಗ ಅದರ ಮೇಲೆ ಕಲ್ಲು ಹೇರುವುದೂ, ಕಲ್ಲು ಸಿಕ್ಕದ ಪಕ್ಷದಲ್ಲಿ ಮನೆಯ ಹುಡುಗನನ್ನು ಕೂರಿಸುವುದೂ ಕನ್ನಡನಾಡಿನ ಬಯಲುಸೀಮೆಯಲ್ಲಿ ರೂಢಿಯಲ್ಲಿರುವ ಆಚಾರ. ಇದನ್ನೇ ಹಿಡಿದು, ಚಕ್ರಭಾರಸಿದ್ಧಾಂತವು ಸರ್ವಥಾ ದೇಶೀಯವೆಂದು ಸಾರಿಬಿಡಬಹುದೆಂಬ ಆಸೆ ನಮಗೂ ಮೂಡಿದ್ದುಂಟು. ಆದರೆ ಕುಂಟೆಯ ಕಲ್ಲು ಉಪಕರಣವನ್ನು ನೆಲಕ್ಕೆ ಒತ್ತುವುದೇ ಹೊರತು ಎಳೆಯುವವನ ಹಿಡಿತವನ್ನು ಹೆಚ್ಚಿಸುವುದಿಲ್ಲ. ಎತ್ತಿಗೆ ಗೊರಸುಂಟು, ಹಿಡಿತದ ಚಿಂತೆ ಅದಕ್ಕಿಲ್ಲ. ಮತ್ತು ಎತ್ತಿನ ಹೊಟ್ಟೆಗೆ ನೂರೈವತ್ತು ಲೀಟರು ನೀರು ಕುಡಿಸಿ ಉಳಲು ಕಟ್ಟಿದವನಾರೂ ನಮ್ಮ ಪರಂಪರೆಯಲ್ಲಿ ಕಾಣಿಸನು. ಆದುದರಿಂದ ಪ್ರಾಚೀನತೆಯ ಪ್ರಕರಣವನ್ನು ನಾವು ಖೇದಪೂರ್ವಕವಾಗಿ ಇಲ್ಲಿಗೇ ಕೈಬಿಡುತ್ತೇವೆ.

ಹಿಡಿತದ ಚಿಂತೆ ಹುಟ್ಟಿದುದು ಅಮೆರಿಕದಲ್ಲಿ, ಅದೂ ಸುಖದ ಬೆನ್ನಿನಲ್ಲಿ. ಮೊದಲಿನ ಟ್ರ್ಯಾಕ್ಟರುಗಳಿಗೆ ಉಕ್ಕಿನ ಚಕ್ರಗಳಿದ್ದುವು. ಅವುಗಳ ಮೊನಚಾದ ಹಲ್ಲುಗಳು ನೆಲವನ್ನು ಕಚ್ಚಿ ಹಿಡಿಯುತ್ತಿದ್ದುವು, ರಸ್ತೆಯನ್ನು ಹಾಳುಗೆಡವುತ್ತಿದ್ದುವು, ಮೇಲೆ ಕುಳಿತವನ ಬೆನ್ನುಮೂಳೆಯ ಲೆಕ್ಕವನ್ನೂ ತೆಗೆದುಕೊಳ್ಳುತ್ತಿದ್ದುವು. 1932ರಲ್ಲಿ ಅಲಿಸ್ ಚಾಮರ್ಸ್ ಕಂಪೆನಿಯು ತನ್ನ ಟ್ರ್ಯಾಕ್ಟರಿಗೆ ಗಾಳಿ ತುಂಬಿದ ರಬ್ಬರಿನ ಟೈರುಗಳನ್ನು ತೊಡಿಸಿತು. ರೈತರು ನಂಬದಿದ್ದಾಗ ಮರುವರ್ಷ ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಪ್ರಸಿದ್ಧ ಕಾರು ಪಂದ್ಯಗಾರನನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿ ಗಂಟೆಗೆ 64 ಮೈಲಿ ವೇಗದಲ್ಲಿ ಓಡಿಸಲಾಯಿತು. ಅಷ್ಟು ವೇಗವಾಗಿ ಉಳಬೇಕಾದ ಜರೂರು ಯಾವ ಹೊಲದಲ್ಲಿದ್ದಿತೋ ನಾವರಿಯೆವು. ಆದರೆ ವಾದವು ಅಲ್ಲಿಗೆ ಮುಗಿದು ರಬ್ಬರು ಗೆದ್ದಿತು. ಗೆದ್ದಮೇಲೆ ತಿಳಿದುದೇನೆಂದರೆ, ಉಕ್ಕಿನ ಹಲ್ಲಿನೊಡನೆ ಉಕ್ಕಿನ ತೂಕವೂ ಹೊರಟುಹೋಗಿದ್ದು, ಹಸಿ ನೆಲದಲ್ಲಿ ನೇಗಿಲು ಹಿಡಿದೊಡನೆ ಚಕ್ರವು ನಿಂತಲ್ಲಿಯೇ ಪ್ರದಕ್ಷಿಣೆ ಹಾಕತೊಡಗುತ್ತದೆಂಬುದು.

ಇಲ್ಲಿಂದ ಮುಂದೆ ಮತಭೇದಗಳು ಪ್ರಾರಂಭವಾಗುತ್ತವೆ. ಚಕ್ರದ ನಡುವಿಗೆ ಎರಕದ ಕಬ್ಬಿಣದ ಬಿಲ್ಲೆಗಳನ್ನು ಬಿಗಿಯಬೇಕೆನ್ನುವವರನ್ನು ನಾವು ಲೋಹವಾದಿಗಳೆಂದೂ, ಟೈರಿನೊಳಕ್ಕೆ ನೀರು ಬಿಡಬೇಕೆನ್ನುವವರನ್ನು ಜಲವಾದಿಗಳೆಂದೂ ಕರೆಯುವೆವು. ಕಬ್ಬಿಣವನ್ನು ಬೇಡವಾದಾಗ ಬಿಚ್ಚಿಡಬಹುದು, ಆದರೆ ಅದಕ್ಕೆ ದುಡ್ಡು ತೆರಬೇಕು. ನೀರು ಬೋರ್‌ವೆಲ್ಲಿನಿಂದಲೇ ಬರುತ್ತದೆ, ಅಲ್ಲದೆ ಟೈರಿನೊಳಗಿನ ಭಾರವು ನೇರವಾಗಿ ನೆಲದ ಮೇಲೆ ಕೂರುವುದರಿಂದ ಅಚ್ಚಿಗೂ ಬೇರಿಂಗಿಗೂ ಅದರ ಹೊರೆ ತಟ್ಟದು, ಗುರುತ್ವಕೇಂದ್ರವು ಕೆಳಗಿಳಿಯುವುದರಿಂದ ಬದುವಿನ ಓರೆಯಲ್ಲಿ ಗಾಡಿ ಮಗುಚುವ ಭಯವೂ ಕೊಂಚ ಕಡಮೆ. ಮೂರನೆಯವರಾದ ಲವಣವಾದಿಗಳು ಹಿಮ ಬೀಳುವ ದೇಶದವರು. ಅಲ್ಲಿ ಬರಿಯ ನೀರು ಚಳಿಗಾಲದಲ್ಲಿ ಟೈರಿನೊಳಗೇ ಕಲ್ಲಾಗುವುದರಿಂದ ಅದರಲ್ಲಿ ಕ್ಯಾಲ್ಸಿಯಂ ಕ್ಲೋರೈಡನ್ನು ಕರಗಿಸುತ್ತಾರೆ. ತೂಕವೂ ಹೆಚ್ಚುತ್ತದೆ, ಎಲ್ಲಿಯಾದರೂ ಸೋರಿತೆಂದರೆ ಉಕ್ಕಿನ ರಿಮ್ಮು ತುಕ್ಕು ಹಿಡಿದು ಉದುರುತ್ತದೆ. ಇದರಿಂದ ಬೇಸತ್ತವರು ಸಕ್ಕರೆ ಬೀಟಿನ ರಸವನ್ನು ತುಂಬುವ ನಾಲ್ಕನೆಯ ಪಂಥವೊಂದನ್ನೇ ಹುಟ್ಟುಹಾಕಿರುವರು. ಅದು ನೀರಿಗಿಂತ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ತೂಗುತ್ತದೆ, ರಿಮ್ಮನ್ನು ತಿನ್ನುವುದಿಲ್ಲ. ಹಾಗಾದರೆ ಮಂಡ್ಯದ ಕಾಕಂಬಿ ಏಕಾಗಬಾರದೆಂದು ಸ್ವದೇಶಾಭಿಮಾನಿಗಳು ಕೇಳಬಹುದು. ಅಬಕಾರಿ ಇಲಾಖೆಯವರು ಟ್ರ್ಯಾಕ್ಟರನ್ನು ಅಡ್ಡಗಟ್ಟಿ ಟೈರಿನ ಪರೀಕ್ಷೆಗೆ ನಿಂತಾರೆಂಬುದೇ ನಮ್ಮ ಸಮಾಧಾನ. ಕರ್ನಾಟಕದಲ್ಲಿ ಟೈರು ಹೆಪ್ಪುಗಟ್ಟುವ ಊರಿಲ್ಲವಾದುದರಿಂದ ಬರಿಯ ನೀರೇ ಸಾಕೆಂಬುದು ನಿರ್ವಿವಾದ.

ಪ್ರಯೋಗವಿಧಿ ಹೀಗೆ. ಹಿಂದಿನ ಚಕ್ರವನ್ನು ಜಾಕಿನ ಮೇಲೆತ್ತಿ, ವಾಲ್ವು ನೆತ್ತಿಗೆ ಬರುವಂತೆ ತಿರುಗಿಸಿ, ಒಳಗಿನ ಪಿನ್ನು ಕಳಚಿ, ನೀರು ಒಳಹೋಗಲೂ ಗಾಳಿ ಹೊರಬರಲೂ ದಾರಿಮಾಡಿ, ನೀರು ವಾಲ್ವಿನ ಮಟ್ಟವನ್ನು ಮುಟ್ಟಿದೊಡನೆ ನಿಲ್ಲಿಸತಕ್ಕದ್ದು. ಆಗ ಟೈರಿನ ಮುಕ್ಕಾಲು ಪಾಲು ತುಂಬಿರುತ್ತದೆ. ನಮ್ಮ ಕಡೆಯ ಮಧ್ಯಮ ಗಾತ್ರದ ಟ್ರ್ಯಾಕ್ಟರಿಗೆ ಎರಡು ಚಕ್ರವೂ ಸೇರಿ ಸುಮಾರು ಮುನ್ನೂರು ಕಿಲೋ ಅಧಿಕವಾಗುತ್ತದೆ. ಉಳಿದ ಕಾಲುಪಾಲು ಗಾಳಿಗೆ ಮೀಸಲು. ನೀರನ್ನು ಎಷ್ಟು ಒತ್ತಿದರೂ ಅದು ಕುಗ್ಗದು, ಗಾಳಿ ಕುಗ್ಗುತ್ತದೆ. ಕಂಠಮಟ್ಟ ತುಂಬಿದ ಟೈರು ಕಲ್ಲಿನ ಮೇಲೆ ಹತ್ತಿದಾಗ ಬಗ್ಗಲು ಎಡೆಯಿಲ್ಲದೆ ತಾನೇ ಒಡೆಯುತ್ತದೆ. ಪಂಡಿತರ ತಲೆಗೂ ಇದೇ ಪ್ರಮಾಣವು ವಿಹಿತವಾಗಿದ್ದರೆ ಲೋಕಕ್ಕೆ ಉಪಕಾರವಾಗುತ್ತಿದ್ದಿತು.

ಇನ್ನು ಎಷ್ಟು ಭಾರ ಹೇರಿದರೆ ಎಷ್ಟು ಹಿಡಿತವೆಂಬ ಪ್ರಶ್ನೆ. ಇದಕ್ಕೆ ಪ್ರಮಾಣಪುರುಷನು ಫ್ರಾನ್ಸಿನ ಸೇನಾ ಎಂಜಿನಿಯರಾದ ಕೂಲಂಬನು. ವಿದ್ಯುತ್ತಿನ ಪಾಠದಲ್ಲಿ ಮಕ್ಕಳನ್ನು ಗೋಳಾಡಿಸುವಾತನೇ ಈತ. ಅದಕ್ಕೆ ಮೊದಲೇ, 1773ರಲ್ಲಿ, ಪ್ಯಾರಿಸ್ಸಿನ ಅಕಾಡೆಮಿಯ ಮುಂದೆ ಮಣ್ಣಿನ ಸ್ವಭಾವವನ್ನು ಪ್ರಸ್ತಾಪಿಸಿ, ಮಣ್ಣಿನ ಬಲವು ಎರಡು ಬಗೆಯದೆಂದು ನಿರ್ಣಯಿಸಿದ್ದನು: ಕಣಕಣಗಳು ತಾವಾಗಿಯೇ ಅಂಟಿಕೊಂಡಿರುವ ಬಲವೊಂದು, ಮೇಲಿನ ಭಾರಕ್ಕನುಗುಣವಾಗಿ ಹೆಚ್ಚುವ ಘರ್ಷಣೆಯ ಬಲವೊಂದು. ಆತನು ಗದಗನ್ನಾಗಲೀ ರಾಯಚೂರನ್ನಾಗಲೀ ಕಂಡವನಲ್ಲ. ಆದರೂ ಅವನ ಮಾತು ಅಲ್ಲಿಯ ಎರೆಹೊಲದಲ್ಲಿ ಅಕ್ಷರಶಃ ನಡೆಯುತ್ತದೆ. ಕೋಲಾರದ ಮರಳುಗೂಡಿದ ಕೆಂಪುಮಣ್ಣಿನಲ್ಲಿ ಘರ್ಷಣೆಯೇ ಪ್ರಧಾನವಾದುದರಿಂದ ಭಾರ ಹೆಚ್ಚಿದಂತೆಲ್ಲ ಹಿಡಿತವೂ ಹೆಚ್ಚುತ್ತದೆ. ಹಸಿಯಾದ ಎರೆಮಣ್ಣಿನಲ್ಲಿ ಅಂಟೇ ಪ್ರಧಾನ. ಅಲ್ಲಿ ಬೇಕಾದುದು ಟೈರಿನ ಅಗಲವೇ ಹೊರತು ತೂಕವಲ್ಲ. ತೂಕ ಹೇರಿದವನಿಗೆ ಅಲ್ಲಿ ದೊರೆಯುವ ಫಲವೆಂದರೆ ಅಡಿಮಣ್ಣು ಗಟ್ಟಿಯಾಗಿ ಬೇರಿಗೂ ನೀರಿಗೂ ದಾರಿ ತಪ್ಪುವುದು.

ಈ ಶಾಸ್ತ್ರದ ಅತ್ಯಂತ ರಮ್ಯಭಾಗವೆಂದರೆ ಲಿಪಿಪರೀಕ್ಷೆ. ಬಂಡೆಗಳ ಮೇಲಿನ ಶಾಸನಗಳನ್ನೋದಲು ಮಸಿ ಕಾಗದಗಳೊಡನೆ ಊರೂರು ಅಲೆಯುವ ವಿದ್ವಾಂಸರು, ಪ್ರತಿದಿನವೂ ಹೊಸದಾಗಿ ಹೊಲದಲ್ಲಿ ಅಚ್ಚಾಗುತ್ತಿರುವ ಟೈರಿನ ಶಾಸನವನ್ನು ಒಮ್ಮೆಯಾದರೂ ಬಗ್ಗಿ ನೋಡಿದ್ದರೆ ಮೂರು ಲಿಪಿಗಳನ್ನು ಗುರುತಿಸಬಹುದಾಗಿದ್ದಿತು. ಉಳುಮೆಯ ಹೊತ್ತಿನಲ್ಲಿ ಟೈರಿನ ಹಲ್ಲುಗಳ ಗುರುತು ಮೊಹರೊತ್ತಿದಂತೆ ಸ್ಫುಟವಾಗಿ ಮೂಡಿದ್ದರೆ, ಓದುಗರು ಸಂತೋಷಪಡತಕ್ಕದ್ದಲ್ಲ. ಅದು ಅತಿಭಾರದ ಲಕ್ಷಣ. ಗುರುತೇ ಕಾಣದಂತೆ ಮಣ್ಣೆಲ್ಲ ಕಲಸಿಹೋಗಿದ್ದರೆ ಭಾರ ಸಾಲದು. ನಡುವೆ ಅಕ್ಷರಗಳು ಅಳಿಸಿ, ಅಂಚಿನಲ್ಲಿ ಮಾತ್ರ ಓದುವಂತಿದ್ದರೆ ಅದೇ ಸಮಭಾರ. ಹೀಗೆ ತ್ರುಟಿತ ಪಾಠವೇ ಶುದ್ಧ ಪಾಠವಾಗಿರುವ ಶಾಸನ ಲೋಕದಲ್ಲಿ ಇದೊಂದೇ.

ಲಿಪಿಯಲ್ಲಿ ನಂಬಿಕೆಯಿಲ್ಲದವರಿಗೆ ಗಣಿತವುಂಟು. ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ನೇಗಿಲು ಇಳಿಸಿ ಹತ್ತು ಸುತ್ತು ನಡೆದ ದೂರವನ್ನು ಗೂಟ ನೆಟ್ಟು ಗುರುತಿಸಿ, ಅಷ್ಟೇ ದೂರವನ್ನು ನೇಗಿಲೆತ್ತಿ ನಡೆಸಿದಾಗ ಒಂಬತ್ತೇ ಸುತ್ತು ಸಾಕಾದರೆ ಜಾರಿಕೆ ನೂರಕ್ಕೆ ಹತ್ತು. ಹತ್ತರಿಂದ ಹದಿನೈದರವರೆಗೆ ಜಾರುವುದು ಆರೋಗ್ಯ. ಕಿಂಚಿತ್ತೂ ಜಾರಬಾರದೆಂದು ಹಠ ಹಿಡಿದವನು ತನ್ನ ಡೀಸಲನ್ನು ನೀರಿನ ಕೊಡ ಹೊರುವುದಕ್ಕೇ ಸುಡುತ್ತಾನೆ.

ನರಭಾರವಾದವೆಂಬ ಅಪಮತವೊಂದನ್ನು ಇಲ್ಲಿ ಖಂಡಿಸಲೇಬೇಕು. ಕಬ್ಬು ಅರೆಯುವ ಕಾಲದಲ್ಲಿ ಮಿತಿಮೀರಿ ಹೇರಿದ ಟ್ರೇಲರು ಏರಿನಲ್ಲಿ ಹಿಂದಕ್ಕೆ ಜಗ್ಗಿ ಟ್ರ್ಯಾಕ್ಟರಿನ ಮೂತಿ ಮೇಲೇಳುವಾಗ, ಇಬ್ಬರು ಮೂವರು ತರುಣರು ಮುಂದಿನ ಬಂಪರಿನ ಮೇಲೆ ಹತ್ತಿ ನಿಲ್ಲುವುದೇ ಈ ಮತದ ಆಚರಣೆ. ಒಟ್ಟು ತೂಕದ ಮೂರನೆಯ ಒಂದು ಪಾಲಿನಷ್ಟು ಮುಂದಿನ ಅಚ್ಚಿನ ಮೇಲಿರಬೇಕೆಂಬುದು ಸರಿ; ಆದರೆ ಆ ಪಾಲಿಗೆ ಎರಕದ ಬಿಲ್ಲೆಗಳಿವೆ. ಗುಂಡಿ ಬಂದಾಗ ಕಬ್ಬಿಣ ಚಕ್ರದಡಿಗೆ ಬೀಳುವುದಿಲ್ಲ, ಬಿದ್ದರೂ ಅದಕ್ಕೆ ಹೆಂಡಿರು ಮಕ್ಕಳಿಲ್ಲ. ಹಾಗೆಯೇ ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿ ಎಳೆಯುವವನನ್ನು ಯಾವ ಬಿಲ್ಲೆಯೂ ಕಾಪಾಡಲಾರದು. ಗಾಡಿ ಹಿಂಬದಿಗೆ ಮಗುಚಲು ಒಂದೆರಡು ಸೆಕೆಂಡು ಸಾಕು.

ಭಾರವಿಲ್ಲದೆಯೇ ಭಾರವನ್ನು ಪಡೆಯುವ ಅದ್ಭುತವನ್ನು ಸಾಧಿಸಿದವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಎಣ್ಣೆಯ ಒತ್ತಡದ ತೋಳುಗಳಿಂದ ನೇಗಿಲನ್ನು ಟ್ರ್ಯಾಕ್ಟರಿಗೆ ಜೋಡಿಸಿ, ನೇಗಿಲಿನ ಎಳೆತವನ್ನೇ ಹಿಂದಿನ ಚಕ್ರಗಳ ಮೇಲಿನ ಒತ್ತಾಗುವಂತೆ ಆತನು ಮಾಡಿದನು. 1939ರಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆಯಿಂದ ಆ ಬಗೆಯ ಟ್ರ್ಯಾಕ್ಟರು ಹೊರಬಂದಿತು. ಆ ಒತ್ತು ಉಳುವಾಗ ಉಂಟು, ನೇಗಿಲೆತ್ತಿದೊಡನೆ ಇಲ್ಲ. ಇಂತಹ ಸೋಪಾಧಿಕ ಭಾರವನ್ನು ವೇದಾಂತಿಗಳು ಕಲ್ಪಿಸಿದ್ದರೇ ಹೊರತು ಕಬ್ಬಿಣದಲ್ಲಿ ಮಾಡಿ ತೋರಿಸಿರಲಿಲ್ಲ. ಇಂದು ನಮ್ಮೂರಿನ ‘ಮ್ಯಾಸಿ’ ಟ್ರ್ಯಾಕ್ಟರಿನ ಪೂರ್ಣನಾಮದಲ್ಲಿ ಆತನ ಹೆಸರು ಉಳಿದಿದೆ.

ಕೊನೆಗೆ ವಿಸರ್ಜನವಿಧಿ. ಗಂಗಾವತಿ ಸಿಂಧನೂರುಗಳ ಭತ್ತದ ಗದ್ದೆಯಲ್ಲಿ ಕೆಸರು ಕಲಸುವಾಗ ಭಾರವೇ ಶತ್ರು. ಅಲ್ಲಿ ಕಬ್ಬಿಣದ ಪಂಜರದಂತಹ ಕೇಜ್ ವೀಲು ತೊಡಿಸುವುದು ಗಾಡಿ ಹೂತುಹೋಗದೆ ನಡೆಯಲೆಂದು. ಒಣಭೂಮಿಯ ಉಳುಮೆಗೆಂದು ತುಂಬಿದ ನೀರನ್ನು ಗದ್ದೆಗಿಳಿಯುವ ಮುನ್ನ ಹೊರಬಿಡಬೇಕೆಂಬ ಈ ವಿಧಿಯನ್ನು ಎಲ್ಲರೂ ಒಪ್ಪುತ್ತಾರೆ, ಆಚರಿಸುವವರು ವಿರಳ. ಪರಿಣಾಮವಾಗಿ ಚಕ್ರಗರ್ಭದ ಜಲವು ವರ್ಷಗಟ್ಟಲೆ ಅಲ್ಲಿಯೇ ನೆಲಸಿ, ಮಾಲೀಕನು ಅದನ್ನು ಮರೆತು, ಗಾಡಿಯು ಕೈ ಬದಲಾಗಿ, ಒಂದು ದಿನ ಪಂಕ್ಚರ್ ಅಂಗಡಿಯವನ ಮುಖದ ಮೇಲೆ ಚಿಮ್ಮುತ್ತದೆ. ‘ನೀರ್ ಐತೆ ಅಂತ ಮೊದ್ಲೇ ಹೇಳಬಾರ್ದಾ ಗೌಡ್ರೇ?’ ಎಂಬ ಅವನ ವಾಕ್ಯಕ್ಕೆ ಈ ಶಾಸ್ತ್ರದಲ್ಲಿ ಉತ್ತರವಿಲ್ಲ. ಆದುದರಿಂದ ವಾಚಕಮಹಾಶಯರಲ್ಲಿ ವಿಜ್ಞಾಪನೆ: ಟೈರಿಗೆ ನೀರು ತುಂಬಿಸಿದವರು ದಯಮಾಡಿ ರಿಮ್ಮಿನ ಮೇಲೆ ಬಣ್ಣದಿಂದ ‘ನೀರಿದೆ’ ಎಂದು ಬರೆಯಿಸತಕ್ಕದ್ದು, ತಾರೀಖನ್ನೂ ಬರೆಯಿಸಿದರೆ ಮತ್ತೂ ಉತ್ತಮ.